ಗಡಿ ದಾಟಲು ಕೇಳಿದ ಹೂವು

ದೇವರ ಕಲ್ಲಿನ ಬಲಭುಜಕ್ಕೊಂದು, ಎಡಭುಜಕ್ಕೊಂದು ಕಣಗಿಲೆ ಹೂವನ್ನು ಪೂಜಾರಿ ನೀರಿನಲ್ಲಿ ಅದ್ದಿ ಅಂಟಿಸಿದ್ದ. ಬಲದ ಹೂ ಬಿದ್ದರೆ ಹೋಗಬಹುದು. ಎಡದ್ದು ಬಿದ್ದರೆ ಹೋಗಬಾರದು.

ಹೋಗಬೇಕಾಗಿದ್ದವಳು ನನ್ನ ಅಜ್ಜಿ. ಅವಳ ತವರು ಮೊಳಕಾಲ್ಮೂರಿನಾಚೆ, ಗಡಿ ದಾಟಿದರೆ ಸಿಗುವ ಮದರಾಸು ಸೀಮೆಯ ಒಂದು ಹಳ್ಳಿ. ಅಲ್ಲಿ ಉಳಿದಿದ್ದವಳು ಅವಳ ಅಕ್ಕ ಒಬ್ಬಳೇ. ಹಾಸಿಗೆ ಹಿಡಿದು, ತಂಗಿಯ ಮುಖ ನೋಡಬೇಕೆಂದು ಹೇಳಿಕಳಿಸಿದ್ದಳು. ಆದರೆ ಆ ಸೀಮೆಯಲ್ಲಿ ಗಾಡಿಗಳನ್ನು ಅಡ್ಡಗಟ್ಟಿ ದೋಚುತ್ತಾರೆಂಬ ಸುದ್ದಿ ಹಬ್ಬಿತ್ತು. ಈ ವಿಷಯದಲ್ಲಿ ನಮ್ಮ ಮನೆಯ ಪಂಡಿತರೆಂದರೆ ಅಜ್ಜಿಯ ಹಿರಿಮಗ, ನನ್ನ ದೊಡ್ಡಪ್ಪ. ಅವರು ಮೊಳಕಾಲ್ಮೂರಿನಿಂದಾಚೆ ಕಾಲಿಟ್ಟವರೇ ಅಲ್ಲ. ಹಾಗಾಗಿ ಅವರ ಅಭಿಪ್ರಾಯವನ್ನು ಕೆಡಿಸುವಂಥದ್ದು ಏನೂ ಇರಲಿಲ್ಲ.

ನಾವೇನು ಕೋಟೆಯೊಳಗೆ ಕುಳಿತು ಯೋಚಿಸುತ್ತಿರಲಿಲ್ಲ. ಚಳ್ಳಕೆರೆಯ ಮನೆಗಳಲ್ಲಿ ಇಲಿ ಬಿದ್ದು, ಪ್ಲೇಗಿಗೆ ಹೆದರಿ, ಜನರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅಂಥದೊಂದು ಗುಡಿಸಲಿನ ಮುಂದೆ ಕುಳಿತೇ ದೊಡ್ಡಪ್ಪ ಪರಸೀಮೆಯ ಅಪಾಯಗಳನ್ನು ವಿವರಿಸುತ್ತಿದ್ದರು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದಿದ್ದ ಮೊಮ್ಮಗಳಾದ ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಪತ್ರಿಕೆ ಓದಿ ಹೇಳು ಎಂದರು, ಅಷ್ಟೆ. ಓದಿದೆ. ಆ ಕಡೆಯ ಸುದ್ದಿ ಒಂದಕ್ಷರವೂ ಇರಲಿಲ್ಲ.

“ನೋಡ್ದಾ? ಬರಿಯಾಕೂ ಹೆದರ್ಕಂಡವ್ರೆ,” ಎಂದರು ದೊಡ್ಡಪ್ಪ.

ಕೊನೆಗೆ ನೆಂಟರಿಷ್ಟರ ಸಮೇತ ಎಲ್ಲರೂ ಊರಾಚೆಯ ಗುಡಿಗೆ ಬಂದು ಹೂ ಕೇಳಿದ್ದಾಯಿತು. ಅಜ್ಜಿ ಕೈಮುಗಿದು ಕಣ್ಣು ಮುಚ್ಚುವಷ್ಟರಲ್ಲೇ ಬಲದ ಹೂ ಜಾರಿ ಬಿತ್ತು.

“ಕೊಟ್ಟನಲ್ಲಪ್ಪಾ ನನ್ ಸ್ವಾಮಿ!” ಎಂದಳು ಅಜ್ಜಿ.

“ತಡಿಯವ್ವಾ,” ಎಂದರು ದೊಡ್ಡಪ್ಪ. “ನೀರು ಜಾಸ್ತಿ ಆಗೈತೆ, ಅದ್ಕೇ ಜಾರ್ತು. ಪೂಜಾರಪ್ಪಾ, ಇನ್ನೊಂದ್ಸಲ ಕೇಳ್ರಿ. ಕಳ್ರ ವಿಷ್ಯ ಸ್ವಾಮಿಗೆ ನಾವು ಬಿಡಿಸಿ ಹೇಳ್ಲೇ ಇಲ್ಲ.”

ಪೂಜಾರಿಯ ಮುಖ ಬಿಗಿಯಿತು. “ಕೊಟ್ಟ ಅಪ್ಪಣೆನ ಮತ್ತೆ ಕೇಳಂಗಿಲ್ಲ ಯಜಮಾನ್ರೇ. ನೀವು ಕೇಳಿದ್ದೇ ತಪ್ಪಾತು.”

“ಆತು ಬಿಡ್ರಿ, ಒಂದು ಕಾಯಿ ಒಡಸ್ತೀನಿ.”

“ಕಾಯಿಗೆ ಹೋಗೋ ತಪ್ಪಲ್ಲ. ಅನುಮಾನ ಪಟ್ಟೋರೇ ಜತಿಗೆ ಹೋಗಿ ಬರ್ಬೇಕು. ನಮ್ಮ ಗುಡಿಯಾಗೆ ಮೊದ್ಲಿಂದ ಹಂಗೇ ಐತೆ.”

ದೊಡ್ಡಪ್ಪ ಸುತ್ತಲೂ ನೋಡಿದರು. ಕಳ್ಳರು ದೂರದಲ್ಲಿದ್ದರು, ನೆಂಟರು ಎದುರಿಗೇ ಇದ್ದರು. “ಹೋಗ್ತೀನಿ, ನನಗೇನು ಭಯ?” ಎಂದು ಹೆಗಲ ಮೇಲಿನ ವಲ್ಲಿಯಿಂದ ಕುತ್ತಿಗೆ ಒರೆಸಿಕೊಂಡರು. ಬೆಳಿಗ್ಗೆಗೇ ಗಾಡಿ ಎಂದು ನಿಶ್ಚಯವಾಯಿತು.

ಗುಡಿಸಲಿಗೆ ಹಿಂದಿರುಗುವಾಗ ಅಜ್ಜಿ ನನ್ನ ತೋಳು ಹಿಡಿದುಕೊಂಡಿದ್ದಳು.

“ಅವ್ನು ಬರಲ್ಲ ಕಣವ್ವಾ. ಹೆತ್ತೋಳು ನಾನು, ನನಗೆ ಗೊತ್ತಿಲ್ವಾ? ಏನಾರ ಒಂದು ನೆಪ ಹೇಳಿ ಮುಂದಕ್ಕೆ ಹಾಕ್ತಾನೆ. ಅಲ್ಲೀತಂಕ ನಮ್ಮಕ್ಕ ಇರ್ತಾಳಾ?”



ಮರುದಿನ ಬೆಳಿಗ್ಗೆ ದೊಡ್ಡಪ್ಪನಿಗೆ ಸೊಂಟ ಹಿಡಿದಿತ್ತು. “ಅಮಾಸೆ ಕಳೀಲಿ, ನೋಡಾನ,” ಎಂದು ಕಂಬಳಿಯೊಳಗಿನಿಂದ ದನಿ ಬಂತು. ಕಂಬಳಿಯ ಪಕ್ಕದಲ್ಲಿ ಒಂದು ಲೋಟ ಕಷಾಯ ಇಟ್ಟು ಹೊರಗೆ ಬಂದೆ. ಗಾಡಿಯವನಿಗೆ ಎತ್ತು ಹೂಡಲು ಹೇಳಿದೆ. ಅವನು ಗುಡಿಸಲಿನ ಕಡೆ ನೋಡಿ, ನನ್ನ ಕಡೆ ನೋಡಿ, ಎತ್ತು ಹೂಡಿದ. ಅಜ್ಜಿಯನ್ನು ಹುಲ್ಲಿನ ಮೇಲೆ ಕೂರಿಸಿ, ರೊಟ್ಟಿಯ ಗಂಟನ್ನು ಅವಳ ಕೈಗೆ ಕೊಟ್ಟು, ನಾನೂ ಗಾಡಿ ಹತ್ತಿದೆ.