ಒಂದಾಳು ಕಮ್ಮಿ

ನಮ್ಮ ಮಾವನ ಬಲಗೈ ಮಣಿಕಟ್ಟಲ್ಲಿ ಬಳೆ ಹಾಕ್ದಂಗೆ ಒಂದು ಬಿಳೀ ಗೆರೆ ಇತ್ತು. ಮೈಯೆಲ್ಲ ಕಡಲ ಬಿಸಿಲಿಗೆ ಸುಟ್ಟು ಕಪ್ಪಗಾಗಿತ್ತು, ಆ ಬೆರಳಗಲ ಜಾಗ ಮಾತ್ರ ಹುಟ್ಟಿದ ಬಣ್ಣದಲ್ಲೇ ಉಳ್ಕೊಂಡಿತ್ತು. ಪ್ಯಾಡಲ್ ಬ್ಯಾಟಿನ ಹಿಡೀಲಿ ಒಂದು ದಾರ ಇರ್ತದೆ, ಅದನ್ನ ಮಣಿಕಟ್ಟಿಗೆ ಸಿಗಿಸ್ಕೊಂಡೇ ಆಡ್ಬೇಕು. ಬ್ಯಾಟು ಕೈಜಾರಿ ಯಾರದಾದ್ರೂ ಮೂತಿಗೆ ಹೋಗ್ಬಾರ್ದು ಅಂತ ರೂಲ್ಸೇ ಅದೆ. ಆ ದಾರದ ಗುರುತು ಅದು. ರಜಕ್ಕೆ ನಮ್ಮೂರು ಪಣಕಹಳ್ಳಿಗೆ ಬಂದಾಗ ಟೀ ಅಂಗಡೀಲಿ ಕೇಳೋರು, "ಏನ್ಲಾ ಅದು, ಚೆನ್ನೈನಲ್ಲಿ ಬೇಡಿ ಆಕಿದ್ರಾ?"

"ಊಂ ಕಣ, ಬೆಳಿಗ್ಗೆ ಆಕ್ತಾರೆ, ಟಿಪನ್ ಒತ್ಗೆ ಬುಡ್ತಾರೆ" ಅಂತ ಮಾವ ನಗೋನು.

ನಮ್ಮವ್ವನ ತಮ್ಮ ಅವನು. ಕಿಟಕಿ ಗಾಜು ಕೂರ್ಸೋ ಕೆಲ್ಸಕ್ಕೆ ಅಂತ ಚೆನ್ನೈಗೆ ಹೋದೋನು. ಬೀಚ್ ರೋಡಲ್ಲಿ ಯಾರೋ ಪ್ಯಾಡಲ್ ಕೋರ್ಟ್ ಕಟ್ಟಿಸ್ತಾ ಇದ್ರಂತೆ, ಅದಕ್ಕೆ ಗಾಜಿನ ಗೋಡೆ ನಿಲ್ಸಕ್ಕೆ ಹೋಗಿ, ಓನರಿಗೆ ಇವನ ಕೆಲ್ಸ ಹಿಡ್ಸಿ, ಕೋರ್ಟು ನೋಡ್ಕೊಳಕ್ಕೆ ಅಲ್ಲೇ ಇಟ್ಕೊಂಡ್ರು. ಅತ್ತೆ ಮಾತ್ರ ಊರಲ್ಲೇ ಇದ್ಲು, ಹೊಲ ನೋಡ್ಕೊಂಡು. ಮಕ್ಕಳಿಲ್ಲ. ನಾನು ಐಟಿಐ ಮುಗ್ಸಿ ಅಲ್ಲೊಂದು ಕಾರ್ ಕಂಪನೀಲಿ ಅಪ್ರೆಂಟಿಸ್ ಸೇರ್ದಾಗ ಮಾವನ ರೂಮಲ್ಲೇ ಇದ್ದೆ.

ಪ್ಯಾಡಲ್ ಅಂದ್ರೆ ನಮ್ಮ ಕಡೆ ಯಾರಿಗೂ ಗೊತ್ತಿಲ್ಲ, ಹೇಳ್ತೀನಿ ಕೇಳಿ. ಟೆನಿಸ್ ಥರಾನೇ ಮಧ್ಯ ನೆಟ್ಟು, ಆದ್ರೆ ಕೋರ್ಟು ಚಿಕ್ಕದು, ಸುತ್ತ ಗಾಜಿನ ಗೋಡೆ, ತಂತಿ ಬಲೆ. ಬ್ಯಾಟಿಗೆ ನರ ಇಲ್ಲ, ಹಲಗೆಗೆ ತೂತು ಕೊರ್ದಂಗಿರ್ತದೆ. ಸರ್ವಿಸು ಸೊಂಟದ ಕೆಳಗಿಂದ ಮಾಡ್ಬೇಕು. ಚೆಂಡು ನಮ್ಮ ಕಡೆ ಒಂದ್ಸಲ ನೆಲಕ್ಕೆ ಬಿದ್ದು, ಹಿಂದಿನ ಗಾಜಿಗೆ ಬಡ್ದು ವಾಪಸ್ ಬಂದ್ರೆ ಆಗ್ಲೂ ಹೊಡೀಬೋದು. ಮಜಾ ಇರೋದೇ ಅಲ್ಲಿ. ಚೆನ್ನೈಲಿ ಆಡ್ಬೇಕು ಅಂದ್ರೆ ಬೀಚ್ ರೋಡ್ ಹಿಡ್ಕೊಂಡು ದಕ್ಷಿಣಕ್ಕೆ ಹೋಗ್ತಾ ಇರಿ, ಟೋಲ್ ಆಚೆ ಈಚೆ ಹಸಿರು ಹುಲ್ಲಿನ ಗಾಜಿನ ಪೆಟ್ಟಿಗೆಗಳು ಕಾಣ್ತವೆ. ಬೆಳಿಗ್ಗೆ ಹೋದ್ರೆ ಗಾಜು ಬೆವ್ತಿರ್ತದೆ, ಚೆಂಡು ಜಾರ್ತದೆ, ಬಟ್ಟೇಲಿ ಒರ್ಸಿ ಆಡಿ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಏಳ್ತದೆ. ಕಡಲಿಗೆ ಬೆನ್ನು ಮಾಡಿ ನಿಂತು ಎತ್ತಿ ಹೊಡದ್ರೋ, ಚೆಂಡು ತೇಲ್ಕೊಂಡು ಹೋಗಿ ಸೀದಾ ಎದುರು ಗಾಜಿಗೆ. ಔಟು. ಇದನ್ನೆಲ್ಲ ನಾನು ವಿಡಿಯೋ ನೋಡ್ಕೊಂಡು, ಸೋತು ಸೋತು ಕಲ್ತೆ. ವಿಡಿಯೋದಲ್ಲಿ ಯಾರೂ ಹೇಳ್ದೆ ಇರೋದು ಒಂದದೆ. ಈ ಆಟಕ್ಕೆ ನಾಕು ಜನ ಬೇಕೇ ಬೇಕು. ಮೂರು ಜನ ಬಂದು ಇನ್ನೊಬ್ಬ ಬರ್ಲಿಲ್ಲ ಅಂದ್ರೆ ಕೋರ್ಟು ಬುಕ್ ಮಾಡಿದ್ದೆಲ್ಲ ದಂಡ.

ಮಾವ ಆಟ ಕಲ್ತಿದ್ದು ಅದರಿಂದ್ಲೇ. ದಿನಾ ಬೆಳಿಗ್ಗೆ ಯಾರೋ ಒಬ್ರು ಕೈ ಕೊಡೋರು. ಆಗ ಗಾಜಿನ ಬಾಗ್ಲಿಂದ ತಲೆ ಹಾಕಿ ಕೂಗೋರು, "ಅಣ್ಣಾ, ಒರು ಆಳ್ ಕೊರೆಯುದು, ವರೀಂಗಳಾ?" ಒಂದಾಳು ಕಮ್ಮಿ, ಬರ್ತೀರಾ ಅಂತ. ಮಾವ ಏನು ಕೆಲ್ಸ ಇದ್ರೂ ಬುಟ್ಟು ಹೋಗೋನು. ಕೊರಳಲ್ಲಿದ್ದ ಲಿಂಗದ ಕರಡಿಗೆ ಅಲ್ಲಾಡ್ದಂಗೆ ಬನಿಯನ್ ಒಳಗೆ ಒತ್ತಿ, ಟವೆಲ್ಲು ಬಿಗ್ಯಾಗಿ ಸುತ್ತಿ, "ಸಿವಾ" ಅಂತ ಒಳಗೆ ಕಾಲಿಡೋನು.

ನಂಗೆ ಅವನು ಹೇಳ್ಕೊಟ್ಟಿದ್ದು ಒಂದೇ. ಮೊದಲ ದಿನ ನಾನು ಕಂಡ ಕಂಡ ಚೆಂಡಿಗೆಲ್ಲ ಎಗರಿ ಬೀಳ್ತಾ ಇದ್ದೆ.

"ಬುಡ್ಲಾ, ಓಗ್ಲಿ" ಅಂದ.

"ಹೋದ್ರೆ ಪಾಯಿಂಟ್ ಹೋಯ್ತದಲ್ಲ ಮಾವ."

"ಎಲ್ಗೋಯ್ತದೆ? ಇಂದುಕ್ಕೆ ಗ್ವಾಡೆ ಇಲ್ವಾ? ಅದೇ ತಂದು ನಿನ್ ಕೈಗ್ ಕೊಡ್ತದೆ. ನಿಂತ್ಕೊಳಕ್ ಕಲ್ತ್ಕೋ ಮೊದ್ಲು."

ಆಟದಲ್ಲಿ ಅದು ನಿಜ. ಮಾವ ಅದನ್ನ ಆಟದ ಆಚೇನೂ ನಂಬ್ಕೊಂಡಿದ್ದ, ಅದೇ ಕಷ್ಟ ಆಗಿದ್ದು.

ನಮ್ಮ ತಾಳವಾಡಿ ಕಡೆ ಮುಯ್ಯಾಳು ಅಂತ ಅದೆ. ಇವತ್ತು ನಮ್ಮ ರಾಗಿ ಕಳೆಗೆ ಅಕ್ಕಪಕ್ಕದೋರು ಬಂದ್ರೆ, ನಾಳೆ ಅವರ ಮುಸುಕಿನ ಜೋಳ ಮುರಿಯಕ್ಕೆ ನಾವು ಹೋಗ್ಬೇಕು. ಕೂಲಿ ಇಲ್ಲ. ಯಾರೂ ಬರ್ದಿಡಲ್ಲ, ಯಾರೂ ಮರೆಯೋದೂ ಇಲ್ಲ. ಕರೆ ಬಂತು ಅಂದ್ರೆ ನಮ್ಮ ಹೊಲದಲ್ಲಿ ಅರ್ಧ ಸಾಲು ಉಳ್ದಿದ್ರೂ ಕುಡ್ಲು ಹಿಡ್ಕೊಂಡು ಅವರ ಹೊಲಕ್ಕೆ ಮೊದ್ಲು ಹೋಗೋದು. ಮಾವನ ತಲೇಲಿ ಆ ಗಾಜಿನ ಕೋರ್ಟೂ ಹೊಲಾನೇ. ಇಷ್ಟು ಜನಕ್ಕೆ ಆಳಾಗಿ ನಿಂತಿದ್ದೀನಿ, ನಂಗೆ ಬೇಕಾದಾಗ ಅವರೂ ನಿಲ್ತಾರೆ ಅಂತ. ಚೆನ್ನೈನೋರಿಗೆ ಮುಯ್ಯಿ ಅಂದ್ರೇನು ಅಂತ ಅವನು ಹೇಳಿರ್ಲೇ ಇಲ್ಲ. ಹೇಳ್ಬೇಕಾಗ್ತದೆ ಅಂತಾನೂ ಅವನಿಗೆ ಹೊಳ್ದಿರ್ಲಿಲ್ಲ.

ಹೋದ ವರ್ಷ ಆ ಕೋರ್ಟಲ್ಲೇ ಒಂದು ಟೂರ್ನಮೆಂಟ್ ಇಟ್ರು. ಜೋಡಿ ಇದ್ರೆ ಯಾರು ಬೇಕಾದ್ರೂ ಹೆಸ್ರು ಕೊಡ್ಬೋದು ಅಂತ ಬೋರ್ಡ್ ಹಾಕಿದ್ರು. ಬೋರ್ಡಿಗೆ ಮೊಳೆ ಹೊಡ್ದಿದ್ದೇ ಮಾವ. ಹೊಡ್ದೋನು ಅಲ್ಲೇ ನಿಂತ್ಕೊಂಡು, "ನಂದೂ ಒಂದು ಎಸ್ರು ಬರ್ಲಿ ಕಣ್ಲಾ. ಇಷ್ಟ್ ವರ್ಸ ಇನ್ನೊಬ್ರ ಜಾಗದಲ್ಲೇ ಆಡಿವ್ನಿ. ಒಂದ್ಸಲ ನನ್ ಜಾಗದಲ್ಲಿ ಆಡ್ಬೇಕು" ಅಂದ. ಮಾವ ತನಗೆ ಅಂತ ಏನಾದ್ರೂ ಬೇಕು ಅಂದಿದ್ದು ನಾನು ಕೇಳಿದ್ದು ಅದೊಂದೇ.

ಕಾಯಂ ಬರೋರಲ್ಲಿ ಒಬ್ರು ಹಲ್ಲಿನ ಡಾಕ್ಟ್ರು ಇದ್ರು. ಅವರ ಜೋಡಿ ವಾರಕ್ಕೆರಡು ಸಲ ಕೈ ಕೊಡೋನು, ಮಾವನೇ ತುಂಬ್ಕೊಡೋನು. ಮಾವ ಅವರನ್ನೇ ಕೇಳ್ದ. ಡಾಕ್ಟ್ರು ಮಾವನ ಭುಜ ತಟ್ಟಿ, "ಖಂಡಿತ ಅಣ್ಣಾ, ನಿಮ್ಮ ಬಿಟ್ರೆ ನಂಗ್ಯಾರು" ಅಂದ್ರು. ಎರಡು ದಿನ ಬಿಟ್ಟು ಬೋರ್ಡಲ್ಲಿ ಅವರ ಹೆಸ್ರು ಬಂತು, ಪಕ್ಕದಲ್ಲಿ ಆ ಕೈ ಕೊಡೋನದ್ದೇ ಹೆಸ್ರು. ಇನ್ನುಳ್ದೋರನ್ನ ಕೇಳ್ದ. "ನೋಡಣ ಅಣ್ಣಾ", "ಮೊದ್ಲೇ ಹೇಳಿದ್ರೆ ಆಗ್ತಿತ್ತಲ್ಲ ಅಣ್ಣಾ". ಒಬ್ಬ ನಗ್ತಾ, "ನೀವೂ ಆಡಕ್ಕೆ ನಿಂತ್ರೆ ನೀರಿನ ಬಾಟ್ಲಿ ಯಾರು ನೋಡ್ಕೋತಾರೆ?" ಅಂದ.

ನಂಗೆ ಮೈ ಉರೀತು. "ನಾನು ನಿಲ್ತೀನಿ ಮಾವ, ಬರ್ಸು ನನ್ನ ಹೆಸ್ರ" ಅಂದೆ.

"ನೀನು ನಮ್ಮುಡ್ಗ. ನೀನ್ ಬಂದ್ರೆ ಅದು ಮುಯ್ಯಿ ತೀರ್ದಂಗ್ ಆಯ್ತದಾ?" ಅಂದ. ಆದ್ರೂ ಕಡೇಗೆ ನನ್ನ ಹೆಸ್ರೇ ಬರ್ಸಿದ.

ಟೂರ್ನಮೆಂಟ್ ದಿನ ಇಬ್ರೂ ಒಂದೇ ಥರದ ನೀಲಿ ಟೀಶರ್ಟ್ ಹಾಕ್ಕೊಂಡು ಹೋದೊ. ನಮ್ಮ ಮ್ಯಾಚು ಎರಡನೇ ಕೋರ್ಟಲ್ಲಿ. ಇನ್ನೇನು ಕರೀಬೇಕು, ಅಷ್ಟ್ರಲ್ಲಿ ಡಾಕ್ಟ್ರು ಓಡ್ಕೊಂಡು ಬಂದ್ರು. ಅವರ ಜೋಡಿ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡವ್ನೆ, ಒಂದಾಳು ಕಮ್ಮಿ, ಒಂದು ಮ್ಯಾಚು ನಿಲ್ತೀರಾ ಅಂತ.

ನಾನು ಮಾವನ ಕೈ ಹಿಡ್ಕೊಂಡೆ. "ಹೋಗ್ಬೇಡ. ನಮ್ದು ಈಗ ಬತ್ತದೆ."

"ಬೇಗ ಮುಗ್ದೋಯ್ತದೆ ಕಣ್ಲಾ."

"ಮಾವ, ಅವರು ನಿಂಗೆ ಮಾಡಿದ್ದು ಮರ್ತೋಯ್ತಾ?"

"ಮರ್ತಿಲ್ಲ. ಅವ್ರು ಕರ್ದವ್ರೆ. ಕರ್ದಾಗ ಇಲ್ಲ ಅಂದ್ರೆ, ನಾಳಿಕೆ ನಾನ್ ಯಾವ್ ಬಾಯಲ್ಲಿ ಕರೀಲಿ?"

ಕೈ ಬಿಡಿಸ್ಕೊಂಡು ಹೋದ. ಹೋಗಿ ಆಡಿ ಗೆಲ್ಲಿಸ್ದ. ಇತ್ಲಾಗೆ ನಮ್ಮ ಹೆಸ್ರು ಕರೆದ್ರು. ನಾನು ಒಬ್ನೇ ನಿಂತು, ಮಾವ ಪಕ್ಕದ ಕೋರ್ಟಲ್ಲೇ ಅವ್ನೆ, ಕಣ್ಣಿಗೆ ಕಾಣ್ತಾವ್ನಲ್ಲ, ಸ್ವಲ್ಪ ತಡೀರಿ ಅಂತ ಬೇಡ್ಕೊಂಡೆ. "ರೂಲ್ಸ್ ಅಂದ್ರೆ ರೂಲ್ಸ್ ತಂಬಿ" ಅಂದು ಗೀಟು ಎಳೆದ್ರು. ಅತ್ಲಾಗೆ ಬೇರೆ ಹೆಸ್ರಲ್ಲಿ ಮಾವನ್ನ ಆಡ್ಸಿದ್ದಕ್ಕೆ ಯಾವ ರೂಲ್ಸೂ ಇರ್ಲಿಲ್ಲ. ಮುಂದಿನ ಮ್ಯಾಚಿಗೆ ಟ್ರಾಫಿಕ್ಕಿನೋನು ಬಂದ, ಮಾವ ಆಚೆ ಬಂದ. ಸಂಜೆ ಕಪ್ಪು ಹಿಡ್ಕೊಂಡು ಡಾಕ್ಟ್ರೂ ಅವನೂ ಫೋಟೋ ತೆಗೆಸ್ಕೊಳೋವಾಗ ಮಾವ ನೀಲಿ ಟೀಶರ್ಟಲ್ಲೇ ಬ್ರಷ್ ಹಿಡ್ಕೊಂಡು ಕೋರ್ಟಿನ ಹುಲ್ಲಿಗೆ ಹಾಕಿರೋ ಮರಳು ಸಮ ಮಾಡ್ತಿದ್ದ.

ಆವತ್ತು ಅವನ ಹತ್ರ ನಾನು ಮಾತಾಡ್ಲಿಲ್ಲ. ರೂಮಿಗೆ ಬಂದು ಸಾರು ಕುದಿಸ್ತಾ ಅವನೇ ಅಂದ, "ಬೈಯಂಗಿದ್ರೆ ಬೈದುಬುಡ್ಲಾ."

"ಅವರಿಗೆ ಮುಯ್ಯಿ ಅಂದ್ರೇನು ಅಂತಾನೇ ಗೊತ್ತಿಲ್ಲ ಮಾವ."

"ಗೊತ್ತಿಲ್ದೆ ಇರಕ್ಕೆ ಅದೇನ್ ಓದೋ ಇಸ್ಯವಾ? ಮನ್ಸ ಅಂದ್ಮೇಲೆ ಗೊತ್ತಿರ್ತದೆ. ತಡ ಆಗ್ಬೋದು."

ಮಳೆ ಬಿಟ್ಟ ಮೇಲೆ ಮಾವನ ಮೈ ಇಳೀತಾ ಬಂತು. ಆಸ್ಪತ್ರೇಲಿ ತೋರ್ಸಿದ್ರೆ ಹೊಟ್ಟೇಲಿ ಗಡ್ಡೆ ಅಂದ್ರು. ತಡ ಆಗ್ಬುಟ್ಟದೆ, ಮನೇಗೆ ಕರ್ಕೊಂಡು ಹೋಗಿ ಅಂದ್ರು. ಕೆಲ್ಸಕ್ಕೆ ರಜ ಹಾಕಿ ನಾನೇ ಕರ್ಕೊಂಡು ಪಣಕಹಳ್ಳಿಗೆ ಬಂದೆ. ಜಗಲಿ ಮೇಲೆ ಮಲಗ್ಸಿದೊ. ಕೋರ್ಟಿನ ಕೆಲ್ಸಕ್ಕೆ ಬೇರೆಯೋನು ಬಂದ ಅಂತ ಗೊತ್ತಾಯ್ತು. ಒಂದಿನ ಮಾವ ಮೆತ್ತಗೆ ಕೇಳ್ದ, "ನಾನ್ ಇಂಗವ್ನಿ ಅಂತ ಡಾಕ್ಟ್ರುಗೆ ಏಳಿದ್ಯಾ?"

ಫೋನ್ ಮಾಡ್ದೆ. "ಅಯ್ಯೋ ಪಾಪ! ಬಂದೇ ಬರ್ತೀವಿ. ಈ ಶನಿವಾರ ನಾಲ್ಕು ಜನ ಸೇರ್ಕೊಂಡು ಕಾರಲ್ಲಿ ಬರ್ತೀವಿ. ಬೆಟ್ಟ ಅಲ್ವಾ, ಚಳಿ ಜೋರಾ ಅಲ್ಲಿ?" ಅಂದ್ರು ಡಾಕ್ಟ್ರು.

ಮಾವನ ಮುಖಕ್ಕೆ ಕಳೆ ಬಂತು. "ನೋಡ್ದಾ? ಏಳ್ಲಿಲ್ವಾ ನಾನು? ದಿಂಬಂ ಗಾಟು ರಾತ್ರಿ ಮುಚ್ತಾರೆ ಅಂತ ಏಳ್ಲಾ ಅವ್ರಿಗೆ. ಬಣ್ಣಾರಿ ಚೆಕ್‌ಪೋಸ್ಟಲ್ಲಿ ಸಿಕ್ಕಾಕೊಂಡು ಒದ್ದಾಡ್ತಾರೆ, ಪಾಪ." ಅತ್ತೆಗೆ, "ನಾಕ್ ಜನಕ್ಕೆ ರೊಟ್ಟಿಗೆ ಇಟ್ಟು ಮಾಡಿಸ್ಕೊ" ಅಂದ. ಶೇವ್ ಮಾಡ್ಸು ಅಂದ. ಮಾಡ್ಸಿದೆ. ಆ ಶನಿವಾರ ಬೀದೀಲಿ ಕಾರ್ ಸದ್ದಾದಾಗೆಲ್ಲ ತಲೆ ಎತ್ತೋನು.

ಭಾನುವಾರ ನನ್ನ ಫೋನಲ್ಲಿ ಡಾಕ್ಟ್ರ ಸ್ಟೇಟಸ್ ನೋಡ್ದೆ. ದಿಂಬಂ ಟೀ ಅಂಗಡಿ ಮುಂದೆ ನಾಕು ಜನ ಲೋಟ ಎತ್ತಿ ಹಿಡ್ಕೊಂಡವ್ರೆ. ಆಮೇಲೆ ಹಾಸನೂರಲ್ಲಿ ಒಂದು ರೆಸಾರ್ಟು, ಬೆಂಕಿ ಸುತ್ತ ಕೂತವ್ರೆ. ಆಮೇಲೆ ಒಂದು ಜಿಂಕೆ. ಹಾಸನೂರಿಂದ ನಮ್ಮೂರಿಗೆ ಕಾರಲ್ಲಿ ಎಷ್ಟೊತ್ತು, ಒಂದು ಗಂಟೇನೂ ಬೇಡ. ಫೋನ್ ಮಾಡ್ದೆ, ಎತ್ತಲಿಲ್ಲ. ಆಮೇಲೆ ಒಂದು ಕೈಮುಗಿಯೋ ಚಿತ್ರ ಬಂತು, ಅಷ್ಟೇ.

"ಒಂಟ್ರಂತಾ?" ಮಾವ ಕೇಳ್ದ.

"ಇಲ್ಲ ಮಾವ. ಡಾಕ್ಟ್ರಿಗೆ ಏನೋ ಕೆಲ್ಸ ಬಂತಂತೆ."

"ಇರ್ಲಿ ಬುಡು. ಅಲ್ನೋವು ಅಂತ ಜನ ಕುಂತಿರ್ತಾರೆ, ಅವ್ರೇನ್ ಮಾಡಾರು."

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸ್ಕೊಂಡಿದ್ಲು. ನನ್ನ ಫೋನನ್ನೂ ನೋಡಿದ್ಲು. ಹಿಟ್ಟಿನ ಪಾತ್ರೆ ಎತ್ಕೊಂಡು ಒಳಗೆ ಹೋದ್ಲು.

ಅದೇ ವಾರ ನಮ್ಮ ಮುಸುಕಿನ ಜೋಳ ಹೊಲದಲ್ಲೇ ಒಣಗಿ ನಿಂತಿತ್ತು. ಹಂದಿ ಬೇರೆ ನುಗ್ತಾ ಇದ್ವು. ಅತ್ತೆ ಯಾರನ್ನೂ ಕರ್ದಿರ್ಲಿಲ್ಲ. ಗಂಡ ಚೆನ್ನೈಲಿದ್ದು ವರ್ಷಗಟ್ಲೆ ಯಾರ ಹೊಲಕ್ಕೂ ಹೋಗಿಲ್ಲ, ಯಾವ ಮುಖ ಇಟ್ಕೊಂಡು ಕರೀಲಿ ಅಂತ. ಒಂದಿನ ಬೆಳಿಗ್ಗೆ ನೋಡಿದ್ರೆ ಅಕ್ಕಪಕ್ಕದ ಮನೆಯೋರೆಲ್ಲ ಚೀಲ ಹಿಡ್ಕೊಂಡು ಹೊಲದಲ್ಲಿ ಇಳ್ದವ್ರೆ. ಮಾವನಿಗೆ ಬೇಡಿ ಹಾಕಿದ್ರಾ ಅಂತ ರೇಗಿಸ್ತಿದ್ದ ಟೀ ಅಂಗಡಿಯೋನೂ ಅಂಗಡಿ ಮುಚ್ಚಿ ಬಂದಿದ್ದ. ಸಂಜೆ ಒಳಗೆ ತೆನೆಯೆಲ್ಲ ಮನೆ ಸೇರ್ತು. ಮಾವಂಗೆ ಹೇಳ್ದೆ. ಗೋಡೆ ಕಡೆ ತಿರುಗ್ಕೊಂಡು ಅತ್ತ. "ಇವ್ರಿಗೆ ಯಾವಾಗ ತೀರಿಸ್ಲಿ ನಾನು?" ಅಂತ ಒಂದೇ ಮಾತು. ಅವನು ಬಾಯಲ್ಲಿ ಆಡಿದ ಮಾತಲ್ಲಿ ನಂಗೆ ನೆನಪಿರೋದು ಅದೇ ಕಡೇದು.

ಹೊಲದ ಮೂಲೇಲಿ ಗುಂಡಿ ತೋಡಿ, ನಮ್ಮ ಪದ್ಧತಿಯಂಗೆ ಮಾವನ್ನ ಕೂರ್ಸಿ, ವಿಭೂತಿ ಇಟ್ಟು ಮಣ್ಣು ಮಾಡಿದ್ದೂ ಅದೇ ಜನ.

ಕಾರ್ಯ ಎಲ್ಲ ಮುಗಿದ ಮೇಲೆ, "ಡಾಕ್ಟ್ರಿಗೊಂದು ಮಾತು ಹೇಳ್ಬುಡ್ಲಾ ಅತ್ತೆ?" ಅಂದೆ.

ಅತ್ತೆ ಕಾಳು ಹರಡ್ತಾ ಇದ್ಲು. ತಲೆ ಎತ್ತಲಿಲ್ಲ. "ಯಾಕೆ, ಅವ್ರ ಒಲದಲ್ಲಿ ಕೆಲ್ಸ ಏನಾರ ನಿಂತದಾ?" ಅಂದ್ಲು.

ಹೇಳ್ಲಿಲ್ಲ. ಅವರೂ ಕೇಳ್ಲಿಲ್ಲ. ಮಾವ ಸತ್ತಿರೋದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ತಡ ಆಗ್ಬೋದು ಅಂದಿದ್ದ ಮಾವ. ಇನ್ನು ತಡ ಅನ್ನೋ ಮಾತೂ ಇಲ್ಲ.

ಅಪ್ರೆಂಟಿಸ್ ಇನ್ನೂ ಮುಗ್ದಿಲ್ಲ, ರಜ ಸಿಕ್ಕಾಗೆಲ್ಲ ಬಸ್ ಹತ್ತಿ ಊರಿಗೆ ಬತ್ತೀನಿ. ನಾಳೆ ಟೀ ಅಂಗಡಿಯೋನ ರಾಗಿ ಕೊಯ್ಲು. ಅವನು ಕರ್ದಿಲ್ಲ. ಕರಿಯೋದೂ ಇಲ್ಲ ಅಂತ ಗೊತ್ತು. ಅತ್ತೆ ಕುಡ್ಲು ಮಸೆದು ಬಾಗಿಲ ಪಕ್ಕ ಇಟ್ಟವ್ಳೆ, ಬೆಳಕು ಹರಿಯಕ್ಕೆ ಮುಂಚೆ ನಾನೇ ಹೋಗಿ ಸಾಲು ಹಿಡೀಬೇಕು.