ಅದಕ್ಕೂ ಮೊದಲು ಏನಿತ್ರಿ?

ಶಾಲೆಯ ಕಿಟಕಿಗೆ ಜಮಖಾನೆ ಕಟ್ಟಿ ಕತ್ತಲು ಮಾಡಿ, ಪರದೆಯ ಮೇಲೆ ಸ್ಲೈಡ್ ತೋರಿಸಿ ವಿಜ್ಞಾನ ಹೇಳುವುದು ಆಗ ನನ್ನ ಕೆಲಸ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನಲ್ಲಿ ನನ್ನಷ್ಟು ಚೆಂದ ಮಾತಾಡುವವರು ಇರಲಿಲ್ಲ. ಇದನ್ನು ನಾನೇ ಹೇಳಬೇಕು, ಬೇರೆ ಯಾರು ಹೇಳುತ್ತಾರೆ?

ಮಾದನಹಿಪ್ಪರಗಾದಲ್ಲಿ, ಇಡೀ ವಿಶ್ವ ಒಂದು ಕಾಲಕ್ಕೆ ಸಾಸಿವೆಗಿಂತ ಸಣ್ಣದಿತ್ತು ಎಂದೆ.

"ಅದಕ್ಕೂ ಮೊದಲು ಏನಿತ್ರಿ?" ಒಬ್ಬ ಹೆಣ್ಣುಮಗಳು ಕೇಳಿದಳು.

"ಅದು ಇನ್ನೂ ಯಾರಿಗೂ ಗೊತ್ತಿಲ್ರಿ. ನನಗೂ ಗೊತ್ತಿಲ್ಲ!" ಎದೆ ಉಬ್ಬಿಸಿ ಹೇಳಿದೆ. ಚಪ್ಪಾಳೆಯೋ ಚಪ್ಪಾಳೆ.

ಎಲ್ಲ ಮುಗಿದ ಮೇಲೆ ಅವಳೇ ಬಂದಳು. ಹೆಸರು ಶಾಂತವ್ವ. ಎರಡು ತಿಂಗಳ ಹಿಂದೆ ಅವಳ ಕೂಸು ಹುಟ್ಟಿದ ಮೂರನೇ ದಿನವೇ ತೀರಿಕೊಂಡಿತ್ತು. ಬಸುರಿ ಇದ್ದಾಗ ಗ್ರಹಣದಲ್ಲಿ ಅಂಗಳಕ್ಕೆ ಬಂದಿದ್ದಳಂತೆ. ಸತ್ತ ಮನೆಗೆ ಮಾತಾಡಿಸಲು ಬಂದವರೆಲ್ಲ ಅದನ್ನೇ ಹೇಳಿ ಹೋಗಿದ್ದರು.

"ನಮ್ಮ ಅತ್ತೆಗೆ ನೀವೊಂದು ಮಾತು ಹೇಳ್ರಿ ಅಣ್ಣಾ. ದಿನಾ ನನ್ನನ್ನ ಕೂಸು ತಿಂದಾಕಿ ಅಂತಾಳ."

ನನಗೆ ಎರಡು ಸಲ ಹೇಳಬೇಕೆ? ಹೋದೆ. ಕಟ್ಟೆಯ ಮೇಲೆ ಕೂತ ಮುದುಕಿಗೆ, "ಯಮ್ಮಾ, ಗ್ರಹಣಕ್ಕ ಕೂಸು ಸಾಯಂಗಿಲ್ಲ" ಎಂದೆ.

"ಮತ್ತ ಯಾತಕ್ಕ ಸತ್ತಿತು?"

"ಅದು... ಗೊತ್ತಿಲ್ರಿ."

"ಗೊತ್ತಿಲ್ಲದಾವ, ಗ್ರಹಣ ಅಲ್ಲ ಅಂತ ಹ್ಯಾಂಗ ಹೇಳ್ತೀಯೋ ತಮ್ಮಾ?"

ಚಂದ್ರನ ದೂರ, ನೆರಳಿನ ದಾರಿ ಎಲ್ಲ ವಿವರಿಸಿದೆ. ಮುದುಕಿ ಎದ್ದು ಒಳಗೆ ಹೋದಳು. ಬಾಗಿಲ ಹಿಂದೆ ಎಲ್ಲ ಕೇಳಿಸಿಕೊಂಡು ನಿಂತಿದ್ದ ಶಾಂತವ್ವ, "ಇರ್ಲಿ ಬಿಡ್ರಿ ಅಣ್ಣಾ, ಚಾ ಕುಡೀರಿ" ಎಂದಳು.

ವಿಶ್ವ ಹೇಗೆ ಹುಟ್ಟಿತೋ ಗೊತ್ತಿಲ್ಲ ಅನ್ನುವುದು ಸುಲಭ. ಅದಕ್ಕಾಗಿ ಯಾವ ಸೊಸೆಯೂ ಬೈಸಿಕೊಳ್ಳುವುದಿಲ್ಲ.