ಕರಿ ಗಾಡಿಯ ಎಡಬಾಗಿಲು

ಈಚೆಗೆ ಜೆ.ಪಿ. ನಗರದಲ್ಲಿ ಪರಿಚಯದವರೊಬ್ಬರು ತಮ್ಮ ಶೆಡ್ಡಿನ ಬಾಗಿಲು ತೆಗೆದಾಗ ಮೊದಲು ಹೊರಗೆ ಬಂದದ್ದು ವಾಸನೆ. ಸೀಮೆಎಣ್ಣೆ, ಬಿಸಿಲಿಗೆ ಕಾದ ರೆಕ್ಸಿನ್, ಅದರೊಳಗೆಲ್ಲೋ ಒಣಗಿದ ಚೆಂಡುಹೂವು. ಎರಡು ಹಳೇ ಕಾರುಗಳು ಪಕ್ಕಪಕ್ಕ ಧೂಳು ಹೊದ್ದು ನಿಂತಿದ್ದವು. "ಎರಡೂ ಮಾಡಿಸೋಕೆ ನನ್ ಕೈಲಾಗಲ್ಲ ಮೇಡಂ. ಯಾವುದಕ್ಕೆ ಕೈ ಹಾಕ್ಲಿ, ನೀವೇ ಹೇಳಿ," ಎಂದರು. ಹಳೇ ಸಾಮಾನಿನ ವ್ಯಾಪಾರದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ವಿಲ್ಸನ್ ಗಾರ್ಡನ್ನಿನಲ್ಲಿ ಯಾರದೋ ಜಗಲಿಯ ಮೇಲೆ ಎರಡು ಕುರ್ಚಿ ಇಟ್ಟುಕೊಂಡು ಶುರುಮಾಡಿದ್ದು, ಇವತ್ತು ಮೂರು ಬಾಗಿಲಿನ ಅಂಗಡಿ. ಸಲಹೆ ಕೇಳಿದರೆ ನನ್ನ ಬಾಯಿ ನಿಲ್ಲುವುದಿಲ್ಲ, ಕೇಳದಿದ್ದರೂ ನಿಲ್ಲುವುದಿಲ್ಲ. ಆ ದಿನ ಮಾತ್ರ ಸಲಹೆಗಿಂತ ಮೊದಲು ನೆನಪಾದದ್ದು ದೊಡ್ಡಪ್ಪನ ಶೆಡ್ಡು.

ಓದಲೆಂದು ಅಪ್ಪ ನನ್ನನ್ನು ದೊಡ್ಡಪ್ಪನ ಮನೆಯಲ್ಲಿ ಬಿಟ್ಟಾಗ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಹಿತ್ತಲಲ್ಲಿ ನಿಂತರೆ ಬನಶಂಕರಿ ಕಡೆಯ ರಾಗಿ ಹೊಲಗಳು ಕಾಣುತ್ತಿದ್ದವು. ದೊಡ್ಡಪ್ಪ, ದೊಡ್ಡಮ್ಮ ಇಬ್ಬರೇ, ಅವರಿಗೆ ಮಕ್ಕಳಿರಲಿಲ್ಲ. ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಎರಡು ಕೆಟ್ಟ ಕಾರುಗಳಿದ್ದವು. ಗುಂಡುಗಣ್ಣಿನ ದೀಪಗಳ ದೊಡ್ಡ ಕರಿ ಗಾಡಿ ಒಂದು, ಬೂದು ಬಣ್ಣದ ಚಿಕ್ಕದು ಒಂದು. ದೊಡ್ಡಪ್ಪ ದಂಡು ಪ್ರದೇಶದ ಇಂಗ್ಲಿಷ್ ದೊರೆಯೊಬ್ಬನಿಗೆ ಡ್ರೈವರಾಗಿದ್ದವರು. ಮದುವೆಯಾದಾಗ ದೊರೆಯ ಅಪ್ಪಣೆ ಪಡೆದು ದೊಡ್ಡಮ್ಮನನ್ನು ಕನಕಪುರದ ಹತ್ತಿರದ ಅವಳ ಹಳ್ಳಿಯಿಂದ ಆ ಕರಿ ಗಾಡಿಯಲ್ಲೇ ಕರೆತಂದಿದ್ದರು. ಮುಂದೆ ದೊರೆ ಊರು ಬಿಡುವಾಗ ಕೆಟ್ಟು ನಿಂತಿದ್ದ ಆ ಗಾಡಿಯನ್ನು ಇವರಿಗೇ ಕೊಟ್ಟುಹೋದ. "ಇದನ್ನ ಎಬ್ಬಿಸಿ ಇದ್ರಲ್ಲೇ ನಿನ್ನ ತವರಿಗೆ ಕರ್ಕೊಂಡ್ ಹೋಗ್ತೀನಿ ಕಣೇ," ಎಂದು ದೊಡ್ಡಪ್ಪ ಮಾತು ಕೊಟ್ಟಿದ್ದರು. ಪ್ರತಿ ಆಯುಧಪೂಜೆಗೂ ದೊಡ್ಡಮ್ಮ ಓಡದ ಆ ಎರಡೂ ಗಾಡಿಗಳಿಗೆ ಚೆಂಡುಹೂವಿನ ಹಾರ ಕಟ್ಟಿ, ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದಳು. ನಿಂಬೆಹಣ್ಣು ಮರುದಿನವೂ ಹಾಗೇ ಇರುತ್ತಿತ್ತು. ಅದನ್ನೇ ತಂದು ಪಾನಕ ಮಾಡಿಕೊಡುತ್ತಿದ್ದಳು.

ನನಗೆ ಹದಿಮೂರು ತುಂಬಿದ ವರ್ಷ ದೊಡ್ಡಪ್ಪನಿಗೆ ಹತ್ತಿರದ ಕೆಲಸಕ್ಕೆ ಕಣ್ಣು ಮಂಜಾಗತೊಡಗಿತು. ಇನ್ನು ಒಂದು ಗಾಡಿಗಾದರೆ ತ್ರಾಣವಿದೆ, ಎರಡಕ್ಕಿಲ್ಲ ಎಂದರು. ಯಾವುದು ಎಂದು ತೀರ್ಮಾನವಾಗಬೇಕಿತ್ತು. ನಾನು ಆಗಲೇ ತರಕಾರಿಯವಳ ಹತ್ತಿರ ಸೊಪ್ಪಿನ ಜೊತೆ ಕರಿಬೇವನ್ನೂ ಸುಮ್ಮನೆ ಹಾಕಿಸಿಕೊಂಡು ಬರುತ್ತಿದ್ದ ಹುಡುಗಿ. ದೊಡ್ಡಪ್ಪ ನನ್ನನ್ನು ಲಾಯರಮ್ಮ ಎಂದೇ ಕರೆಯುತ್ತಿದ್ದರು. ಕರಿ ಗಾಡಿಯ ತಗಡಿನಡಿಯ ಮರದ ಚೌಕಟ್ಟಿಗೆ ಗೆದ್ದಲು ಹತ್ತಿತ್ತು. ಚಿಕ್ಕದರ ಇಂಜಿನ್ ಗಟ್ಟಿಯಿತ್ತು, ತುಕ್ಕು ಹಿಡಿದದ್ದು ಮೈಗೆ ಮಾತ್ರ. ಯಾರಿಗೂ ಹೇಳದೆ ನಾನು ಟಿಂಕರ್ ಕೆಲಸದ ರಹೀಮಣ್ಣನ ಹತ್ತಿರ ವ್ಯವಹಾರ ಕುದುರಿಸಿದೆ. ಕರಿ ಗಾಡಿಯ ನಾಲ್ಕು ಬಾಗಿಲು, ಮಡ್‌ಗಾರ್ಡು ಅವನಿಗೆ. ಬದಲಿಗೆ ಚಿಕ್ಕದರ ಮೈಯೆಲ್ಲ ಅವನು ಸರಿಮಾಡಿಕೊಡಬೇಕು. "ಅಮ್ಮಯ್ಯ, ನಿನ್ ಹತ್ರ ಮಾತಾಡೋಕಿಂತ ತಗಡು ಬಡಿಯೋದೇ ಸುಲಭ," ಎಂದು ನಗುತ್ತಾ ಒಪ್ಪಿದ. ದೊಡ್ಡಮ್ಮನಿಗೆ ಕೊಟ್ಟ ಮಾತು ನನಗೆ ಗೊತ್ತಿರಲಿಲ್ಲವೆಂದಲ್ಲ. ತವರಿಗೆ ಹೋಗುವುದು ತಾನೇ ಮುಖ್ಯ, ಯಾವ ಗಾಡಿಯಾದರೇನು ಎಂದು ನನ್ನ ಲೆಕ್ಕ.

ಆದರೆ ದೊಡ್ಡಪ್ಪನ ಮನಸ್ಸು ಒಂದು ಕಡೆ ನಿಲ್ಲದು. ದೊಡ್ಡಮ್ಮನನ್ನು ಕೇಳಿದರೆ "ನಿಮಗೆ ಯಾವುದು ಸರಿ ಅನ್ಸತ್ತೋ ಅದು" ಎಂದುಬಿಟ್ಟಳು. ಕೊನೆಗೆ ದೇವರ ಮುಂದೆ ಚೀಟಿ ಹಾಕುವುದೆಂದಾಯಿತು. ಅಕ್ಷರ ಚೆನ್ನಾಗಿದೆಯೆಂದು ಬರೆಯಲು ನನಗೇ ಹೇಳಿದರು. ನಮ್ಮ ಮನೆಯ ಪದ್ಧತಿ ಹೀಗೆ: ಎತ್ತಿದ ಚೀಟಿಯನ್ನಷ್ಟೇ ಬಿಚ್ಚುವುದು. ಉಳಿದದ್ದನ್ನು ಯಾರೂ ನೋಡುವಂತಿಲ್ಲ. ದೇವರು ಬೇಡವೆಂದದ್ದನ್ನು ಕೆದಕಬಾರದು ಎಂದು ನಂಬಿಕೆ. ಅದು ಬಾಡಿದ ಹೂವಿನ ಜೊತೆ ಗಿಡದ ಬುಡಕ್ಕೆ ಹೋಗುತ್ತಿತ್ತು. ಆ ಪದ್ಧತಿಯನ್ನೇ ನೆಚ್ಚಿಕೊಂಡು ಎರಡು ಚೀಟಿಯಲ್ಲೂ 'ಚಿಕ್ಕದು' ಎಂದೇ ಬರೆದೆ.

ದೊಡ್ಡಮ್ಮ ಕೈ ತೊಳೆದು ಬಂದು, ಕಣ್ಣು ಮುಚ್ಚಿ ಎತ್ತಿದಳು. ಬಿಚ್ಚಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಚಿಕ್ಕದು ಅಂತೆ," ಎಂದಳು. ದೊಡ್ಡಪ್ಪ ಆ ಚೀಟಿಯನ್ನು ಇಸಿದುಕೊಂಡು ಜೇಬಿಗೆ ಹಾಕಿ, "ದೇವ್ರೇ ಅಂದ್ಮೇಲೆ ಮುಗೀತು," ಎಂದರು. ಮರುದಿನ ಬೆಳಿಗ್ಗೆ ಇನ್ನೊಂದು ಚೀಟಿ ತೆಗೆದು ಹರಿದುಹಾಕೋಣವೆಂದು ದೇವರ ಮನೆಗೆ ಹೋದರೆ ದೊಡ್ಡಮ್ಮ ಆಗಲೇ ಹೂವೆಲ್ಲ ತೆಗೆದಿದ್ದಳು. ಸದ್ಯ, ಮಣ್ಣು ಸೇರಿತು ಎಂದುಕೊಂಡೆ.

ನನ್ನ ವ್ಯವಹಾರಕ್ಕೆ ದೊಡ್ಡಪ್ಪನೂ ಒಪ್ಪಿದ ಮೇಲೆ, ರಹೀಮಣ್ಣ ಕೈಗಾಡಿ ತಂದು ಬಾಗಿಲುಗಳನ್ನು ಕಳಚುವಾಗ ದೊಡ್ಡಮ್ಮ ಸೆರಗಿಗೆ ಕೈ ಒರೆಸುತ್ತಾ ಅಡುಗೆಮನೆಯಿಂದ ಬಂದಳು. "ಒಂದ್ ನಿಮಿಷ ತಡೀರಣ್ಣ," ಎಂದು ಮುಂದಿನ ಎಡಬಾಗಿಲಿನ ಒಳಮೈ ಮುಟ್ಟಿ ನೋಡಿದಳು. ಹಿಡಿಯ ಕೆಳಗೆ ಸಣ್ಣ ಸಣ್ಣ ಗೀರುಗಳಿದ್ದವು. ಮದುಮಗಳಾಗಿ ಕೂತು ಬರುವಾಗ ದಾರಿಯುದ್ದಕ್ಕೂ ಹೆದರಿ ಹಿಡಿ ಬಿಗಿದುಕೊಂಡಿದ್ದಳಂತೆ. ಬಳೆ ಗೀರಿದ ಗುರುತು ಅವು. ಸೆರಗಿನಿಂದ ಆ ಜಾಗದ ಧೂಳು ಒರೆಸಿ, ಒಳಗೆ ಹೋದಳು. ಅಲ್ಲೇ ಆ ಕ್ಷಣ ನಾನೊಂದು ಮಾತು ಆಡಿದ್ದರೆ ಬಾಗಿಲು ಮತ್ತೆ ಗಾಡಿಗೆ ಕೂರುತ್ತಿತ್ತು. ಆಡಲಿಲ್ಲ. ರಹೀಮಣ್ಣನಿಗೆ ಮಾತು ಕೊಟ್ಟಾಗಿದೆಯಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಆ ಸಲದ ಆಯುಧಪೂಜೆಗೆ ಚಿಕ್ಕದು ನಿಂಬೆಹಣ್ಣು ಚಪ್ಪಟೆ ಮಾಡಿಕೊಂಡು ಗೇಟು ದಾಟಿತು. ದೊಡ್ಡಮ್ಮನೂ ಹಿಂದೆ ಕೂತು ಒಂದು ಸುತ್ತು ಬಂದಳು, ಚೆನ್ನಾಗಿದೆ ಎಂದಳು. ಗಾಡಿ ಬಹಳ ವರ್ಷ ಓಡಿತು. ನನ್ನ ವ್ಯವಹಾರದಲ್ಲಿ ತಪ್ಪಿರಲಿಲ್ಲ. ಆದರೆ ತವರಿಗೆ ಹೋಗೋಣವೆಂದು ದೊಡ್ಡಪ್ಪ ಕರೆದಾಗಲೆಲ್ಲ ಅವಳು, "ಅಷ್ಟು ದೂರ ಯಾಕೆ ಆಯಾಸ, ಬಸ್ಸಲ್ಲಿ ಹೋಗ್ಬರ್ತೀನಿ ಬಿಡಿ," ಎನ್ನುತ್ತಿದ್ದಳು. ಕಡೇತನಕ ಬಸ್ಸಲ್ಲೇ ಹೋಗಿಬಂದಳು.

ಜೆ.ಪಿ. ನಗರದವರಿಗೆ ಕೊನೆಗೆ ಇಷ್ಟು ಹೇಳಿದೆ. ಛಾಸಿ ನೋಡಿ, ಇಂಜಿನ್ ನೋಡಿ, ಬಿಡಿಭಾಗ ಎಲ್ಲಿ ಸಿಗುತ್ತದೆ ವಿಚಾರಿಸಿ. ಎಲ್ಲ ಆದಮೇಲೆ ಒಳಗೆ ಹೋಗಿ ನಿಮ್ಮ ಮನೆಯವರನ್ನು ಕೇಳಿ. 'ನಿಮಗೆ ಸರಿ ಅನ್ಸಿದ್ದು' ಎಂದರೆ ಅದನ್ನು ಉತ್ತರ ಅಂದುಕೊಳ್ಳಬೇಡಿ. ಕೂತು ಇನ್ನೊಂದು ಸಲ ಕೇಳಿ.

ದೊಡ್ಡಮ್ಮ ತೀರಿಕೊಂಡ ಮೇಲೆ ದೇವರ ಮನೆಯ ಸಾಮಾನು ತೆಗೆದಿಡುವ ಕೆಲಸ ನನ್ನ ಪಾಲಿಗೆ ಬಂತು. ಕುಂಕುಮದ ಭರಣಿಯ ತಳದಲ್ಲಿ ಒಂದು ಚೀಟಿ ಇತ್ತು. ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ ಗೆರೆಗಳು. ಒಳಗೆ ನನ್ನದೇ ದುಂಡು ಅಕ್ಷರದಲ್ಲಿ 'ಚಿಕ್ಕದು'. ಮಣ್ಣು ಸೇರಿತೆಂದುಕೊಂಡಿದ್ದ ಆ ಇನ್ನೊಂದು ಚೀಟಿ. ಅಷ್ಟೂ ವರ್ಷ ಅವಳು ನನ್ನ ತಲೆ ಬಾಚಿದ್ದಳು, ಊಟಕ್ಕೆ ಬಡಿಸಿ ಕಾದಿದ್ದಳು, ಮದುವೆಗೆ ತನ್ನ ಬಳೆ ಬಿಚ್ಚಿ ತೊಡಿಸಿದ್ದಳು. ಮಾರ್ಕೆಟ್ಟಿನಿಂದ ನಾನು ಗೆದ್ದು ಬಂದ ದಿನಗಳಲ್ಲಿ ಜಡೆ ಹೆಣೆಯುತ್ತಾ ಅವಳು ಹೇಳುತ್ತಿದ್ದ ಮಾತೊಂದಿತ್ತು, ಆಗ ಅದನ್ನು ಬರೀ ಮುದ್ದು ಎಂದುಕೊಂಡಿದ್ದೆ: "ಊರವರ ಹತ್ರ ಎಲ್ಲಾ ಜಗ್ಗಾಡಿ ಕೇಳ್ತೀಯ, ನನ್ ಹತ್ರ ಮಾತ್ರ ಒಂದಿನಾನೂ ಏನೂ ಕೇಳ್ಲಿಲ್ವಲ್ಲೇ."